ಖಾಲಿ ಕೊಡದ ಆರೋಪಿಗಳು

ನಮ್ಮ ಬೀದಿಯ ಒಂಬತ್ತು ಜನ ಆರೋಪಿಗಳು. ಹದಿನೆಂಟು ದಿನ ನಲ್ಲಿಯಲ್ಲಿ ನೀರು ಬಂದಿರಲಿಲ್ಲ. ಖಾಲಿ ಕೊಡ ಹಿಡಿದು ರಸ್ತೆಗೆ ಬಂದೆವು. ಅಕ್ರಮ ಕೂಟಕ್ಕೆ ಐದು ಜನ ಸಾಕಂತೆ, ನಾವು ನಾಲ್ಕು ಜನ ಜಾಸ್ತಿಯೇ ಇದ್ದೆವು. ಪೊಲೀಸರು ಕೊಡಗಳನ್ನೂ ಬಿಡಲಿಲ್ಲ. ಪಂಚನಾಮೆ ಬರೆದು, ನೀಲಿ ಪ್ಲಾಸ್ಟಿಕ್ ಕೊಡದ ಕುತ್ತಿಗೆಗೆ ಚೀಟಿ ಕಟ್ಟಿ, ಅರಗಿನ ಮುದ್ರೆ ಒತ್ತಿದರು. ನೀರು ಕಾಣದ ಕೊಡ ಅರಗು ಕಂಡಿತು!

ಆರು ವರ್ಷದಿಂದ ವಾಯಿದೆ. ಮೊನ್ನೆ ವಕೀಲರನ್ನು ಕೇಳಿದೆ, "ಸಾರ್, ಸರ್ಕಾರ ಕೇಸು ವಾಪಸ್ ತಗೊಳ್ಳೋಕೆ ದಾರಿ ಇಲ್ವಾ?"

"ಯಾಕಿಲ್ಲ? ಮೊದಲು ಸಿಆರ್‌ಪಿಸಿ ಅನ್ನೋ ಕಾನೂನಿನ 321ನೇ ಸೆಕ್ಷನ್, ಈಗ ಅದರ ಜಾಗಕ್ಕೆ ಬಂದಿರೋ ಬಿಎನ್‌ಎಸ್‌ಎಸ್‌ನ 360. ಸರ್ಕಾರಿ ವಕೀಲರು ಸ್ವಂತ ಬುದ್ಧಿ ಓಡಿಸಿ ಅರ್ಜಿ ಹಾಕ್ಬೇಕು, ಕೋರ್ಟ್ ಒಪ್ಪಬೇಕು."

"ಸ್ವಂತ ಬುದ್ಧಿ ಎಲ್ಲಿಂದ ಬರುತ್ತೆ ಸಾರ್?"

"ವಿಧಾನಸೌಧದಿಂದ. ಲಕೋಟೆಯಲ್ಲಿ."

2020ರ ಆಗಸ್ಟ್‌ನಲ್ಲಿ ಬಿಜೆಪಿ ಸರ್ಕಾರ 61 ಕೇಸು ಕೈಬಿಡಲು ಹೊರಟಿತ್ತು. ಪಟ್ಟಿಯಲ್ಲಿ ಸಂಸದರು, ಶಾಸಕರೂ ಇದ್ದರು. ಇವು ಕೈಬಿಡುವಂಥವಲ್ಲ ಅಂತ ಪೊಲೀಸ್ ಮುಖ್ಯಸ್ಥರೂ ಕಾನೂನು ಇಲಾಖೆಯೂ ಹೇಳಿದರು. ಕೇಳುವವರು ಯಾರು? ಡಿಸೆಂಬರ್‌ನಲ್ಲಿ ಹೈಕೋರ್ಟ್ ತಡೆಯಬೇಕಾಯಿತು. 2024ರ ಅಕ್ಟೋಬರ್‌ನಲ್ಲಿ ಕಾಂಗ್ರೆಸ್ ಸರ್ಕಾರದ ಸರದಿ. ಈ ಸಲ 43 ಕೇಸು, 2022ರಲ್ಲಿ ಹುಬ್ಬಳ್ಳಿ ಪೊಲೀಸ್ ಠಾಣೆ ಮೇಲೆ ಕಲ್ಲು ಬಿದ್ದದ್ದೂ ಸೇರಿ. ಕೇಸು ಕೈಬಿಡುವ ಆ ಆದೇಶವನ್ನು 2025ರ ಮೇನಲ್ಲಿ ಹೈಕೋರ್ಟ್ ರದ್ದು ಮಾಡಿತು. ಕೇಸಿಗೆ ಪಕ್ಷ ಬೇಕು, ಯಾವುದಾದರೂ ಸರಿ.

ಕೇರಳದವರು ಇನ್ನೂ ಒಂದು ಕೈ ಮೇಲು. 2015ರ ಬಜೆಟ್ ದಿನ ಆಗಿನ ವಿರೋಧ ಪಕ್ಷದ ಶಾಸಕರು ವಿಧಾನಸಭೆಯೊಳಗೇ ಸ್ಪೀಕರ್ ಕುರ್ಚಿ, ಮೈಕು ಎಲ್ಲ ಕಿತ್ತು ಎಸೆದರು. ನಷ್ಟ 2,20,093 ರೂಪಾಯಿ. ಆ 93 ರೂಪಾಯಿ ಯಾವುದರದ್ದೋ, ಲೆಕ್ಕ ಮಾತ್ರ ಪಕ್ಕಾ. ಅದೇ ಪಕ್ಷ ಅಧಿಕಾರಕ್ಕೆ ಬಂದ ಮೇಲೆ, ಅದು ಶಾಸಕರ ಹಕ್ಕು, ಕೇಸು ಬಿಡಿ ಅಂತ ಕೇಳಿತು. 2021ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ.

ನಾವು ಮೈಕು ಮುಟ್ಟಿಲ್ಲ, ಕಲ್ಲೂ ಎತ್ತಿಲ್ಲ. ಆದರೂ ಒಂದು ಅರ್ಜಿ ಕೊಟ್ಟು ನೋಡಿದೆವು. ಗುಮಾಸ್ತರು ಹಿಂದೆ ಮುಂದೆ ತಿರುವಿ ನೋಡಿ, "ಲೀಡರ್ ಲೆಟರ್ ಎಲ್ಲಿ?" ಅಂದರು. ಇಲ್ಲ ಅಂದೆವು. "ಮತ್ತೆ ಸಾರ್ವಜನಿಕ ಹಿತಾಸಕ್ತಿ ಹೆಂಗಾಗುತ್ರೀ ಇದು?" ಅಂತ ಸುಮ್ನೆ ಬದಿಗಿಟ್ಟರು. ಹಣ್ಣು ತಿಂದವರು ಜಾರಿಕೊಂಡರು, ಸಿಪ್ಪೆ ತಿಂದವರು ಸಿಕ್ಕಿಬಿದ್ದರು ಅಂತಾರೆ. ನಾವು ಸಿಪ್ಪೆಯನ್ನೂ ತಿಂದಿರಲಿಲ್ಲ.

ಕಳೆದ ವಾಯಿದೆಗೆ ಮುದ್ದೇಮಾಲು, ಅಂದರೆ ಜಪ್ತಿ ಮಾಡಿದ ಮಾಲು ತನ್ನಿ ಅಂದರು ಜಡ್ಜ್ ಸಾಹೇಬರು. ಎಂಟೇ ಕೊಡ ಬಂದವು. ಒಂಬತ್ತನೆಯದು ಠಾಣೆಯ ಹಿತ್ತಲ ನಲ್ಲಿ ಕೆಳಗಿದೆಯಂತೆ. ಅಲ್ಲಿ ನೀರು ಬರುತ್ತದೆ.