ಫೋಟೋಗೆ ಪಿಎನ್‌ಜಿ, ಲೋಗೋಗೆ ಜೆಪೆಗ್: ಎಲ್ಲಾ ಉಲ್ಟಾ!

ಈಗಷ್ಟೇ ಮೈಸೂರಿನ ಒಂದು ಹೋಮ್‌ಸ್ಟೇ ವೆಬ್‌ಸೈಟ್ ನೋಡಿ ತಲೆ ಕೆಟ್ಟಿದೆ. ಹೆಸರು ಬೇಡ. ಮಾಲೀಕರು ಒಳ್ಳೆಯವರು, ಕಾಫಿನೂ ಚೆನ್ನಾಗಿ ಕೊಡುತ್ತಾರೆ. "ಸೈಟ್ ಯಾಕೋ ಸ್ಲೋ ಆಗಿದೆ, ಸ್ವಲ್ಪ ನೋಡಿ ಸಾರ್" ಅಂದರು. ತೆರೆದರೆ ಮೊದಲ ಪುಟದಲ್ಲೇ ಭಾನುವಾರ ಸಂಜೆ ದೀಪ ಹಾಕಿದ ಅರಮನೆ. ಪಿಎನ್‌ಜಿ ಅನ್ನುವ ಬಗೆಯ ಚಿತ್ರದ ಫೈಲ್, 18 ಎಂಬಿ! ಅದರ ಮೂಲೆಯಲ್ಲಿ ಲೋಗೋ. ಅದು ಜೆಪೆಗ್ ಅನ್ನುವ ಇನ್ನೊಂದು ಬಗೆ, ಸುತ್ತ ಬಿಳಿ ಚೌಕ ಸಮೇತ. ರಾತ್ರಿಯ ಅರಮನೆಗೆ ಬ್ಯಾಂಡೇಜ್ ಅಂಟಿಸಿದ ಹಾಗೆ.

ಕೇಳಿದರೆ, "ಪಿಎನ್‌ಜಿ ಅಂದ್ರೆ ಕ್ವಾಲಿಟಿ ಜಾಸ್ತಿ ಅಲ್ವಾ ಸಾರ್? ನಮ್ಮ ಹುಡುಗನೇ ಕನ್ವರ್ಟ್ ಮಾಡಿದ್ದು." ಫೋನಿನಿಂದ ಬಂದದ್ದೇ ಜೆಪೆಗ್. ತೆಗೆಯುವಾಗಲೇ ಕಳೆದುಹೋದ ವಿವರ ಪಿಎನ್‌ಜಿ ಮಾಡಿದ ಮಾತ್ರಕ್ಕೆ ವಾಪಸ್ ಬರುವುದಿಲ್ಲ. ಫೈಲ್ ಮಾತ್ರ ಸುಮ್ನೆ ದಪ್ಪ ಆಗುತ್ತದೆ.

ಈ ಪಿಎನ್‌ಜಿ ಹುಟ್ಟಿದ್ದಾದರೂ ಯಾಕೆ? ಜಿಫ್ ಅನ್ನುವ ಹಳೆಯ ಚಿತ್ರ ಫೈಲ್ ತನ್ನ ಗಾತ್ರ ಕುಗ್ಗಿಸಲು ಬಳಸುವ ಎಲ್‌ಝಡ್‌ಡಬ್ಲ್ಯು ವಿಧಾನದ ಮೇಲೆ ಯುನಿಸಿಸ್ ಕಂಪನಿಯ ಪೇಟೆಂಟ್ ಇತ್ತು. ಆ ಜಗಳದಿಂದಾಗಿ, ಜಿಫ್‌ಗೆ ಬದಲಿಯಾಗಿ 1996ರಲ್ಲಿ ಪಿಎನ್‌ಜಿ ಬಂತು. ಒಂದೇ ಬಣ್ಣ ಉದ್ದಕ್ಕೂ ಇರುವ ಚಿತ್ರ, ಅಕ್ಷರ, ಗೆರೆ, ಹಿಂದೆ ಪಾರದರ್ಶಕ ಇರಬೇಕಾದ ಲೋಗೋ, ಇವೆಲ್ಲ ಅದರಲ್ಲಿ ಚಿಕ್ಕದಾಗಿ, ಒಂದು ಚುಕ್ಕೆಯೂ (ಪಿಕ್ಸೆಲ್) ಕೆಡದೆ ಕೂರುತ್ತವೆ. ಅರಮನೆ ಫೋಟೋದಲ್ಲಿ ಸಾವಿರಾರು ಬಲ್ಬು, ಪಕ್ಕಪಕ್ಕದ ಚುಕ್ಕೆಗಳೇ ಬೇರೆ ಬೇರೆ ಬಣ್ಣ. ಒಂದನ್ನೂ ಬಿಡದೆ ಬರೆದಿಟ್ಟರೆ 18 ಎಂಬಿ ಆಗದೆ ಇನ್ನೇನು?

ಜೆಪೆಗ್ ಚಿತ್ರವನ್ನು ಎಂಟಕ್ಕೆ ಎಂಟು ಚುಕ್ಕೆಯ ಚೌಕಗಳಾಗಿ ಒಡೆದು, ಕಣ್ಣಿಗೆ ಅಷ್ಟಾಗಿ ಕಾಣದ ವಿವರ ಬಿಟ್ಟುಬಿಡುತ್ತದೆ. ಫೋಟೋದಲ್ಲಿ ಗೊತ್ತೇ ಆಗುವುದಿಲ್ಲ. ಅಕ್ಷರದಲ್ಲಿ ಮಾತ್ರ ಮಾನ ಹೋಗುತ್ತದೆ, ಅದರಲ್ಲೂ ಕನ್ನಡದಲ್ಲಿ. ಇವರ ರೇಟ್ ಕಾರ್ಡ್ ಕೂಡ ಜೆಪೆಗ್, ಅದೂ ವಾಟ್ಸಾಪ್‌ನಲ್ಲಿ ನಾಲ್ಕು ಕೈ ದಾಟಿ ಬಂದದ್ದು. ಒತ್ತಕ್ಷರಗಳ ಸುತ್ತ ಇರುವೆ ಮುತ್ತಿದ ಹಾಗೆ ಕಲೆ. ಅಂದರೆ ಹಗುರ ಇರಬೇಕಾದದ್ದು ಭಾರ, ಚೊಕ್ಕ ಇರಬೇಕಾದದ್ದು ಕೊಳೆ. ಇಷ್ಟು ಕರಾರುವಾಕ್ಕಾಗಿ ತಪ್ಪು ಮಾಡುವುದಕ್ಕೂ ಪ್ರತಿಭೆ ಬೇಕು ಬಿಡಿ.

"ಈಗ 5ಜಿ ಇದೆಯಲ್ಲ, ಯಾರು ಎಂಬಿ ಲೆಕ್ಕ ಹಾಕ್ತಾರೆ?" ಅನ್ನುವವರು ಬರುತ್ತಾರೆ, ಗೊತ್ತು. ರೈಲಲ್ಲಿ ಕೂತು, ಒಂದು ಕಡ್ಡಿ ಸಿಗ್ನಲ್‌ನಲ್ಲಿ ರೂಮ್ ಹುಡುಕುವವನು ಲೆಕ್ಕ ಹಾಕುತ್ತಾನೆ. ಲೆಕ್ಕವೂ ಹಾಕುವುದಿಲ್ಲ, ಪಕ್ಕದ ಹೋಮ್‌ಸ್ಟೇಗೆ ಹೋಗುತ್ತಾನೆ. ಅದೇ ಫೋಟೋವನ್ನು 1600 ಚುಕ್ಕೆ ಅಗಲಕ್ಕೆ ಇಳಿಸಿ ಜೆಪೆಗ್ ಮಾಡಿದೆ. 300 ಕೆಬಿ ಆಸುಪಾಸು. ಪಕ್ಕಪಕ್ಕ ಇಟ್ಟು ತೋರಿಸಿದರೆ ಮಾಲೀಕರಿಗೆ ಯಾವುದು ಯಾವುದು ಅಂತಲೇ ಗೊತ್ತಾಗಲಿಲ್ಲ.

ಎಲ್ಲವನ್ನೂ ವೆಬ್‌ಪಿ ಅನ್ನುವ ಹೊಸ ಬಗೆಯ ಫೈಲ್ ಮಾಡಿದರೆ ಆಯಿತಲ್ಲ ಅನ್ನುವ ಜಾಣರೂ ಇದ್ದಾರೆ. ಗೂಗಲ್ 2010ರಲ್ಲೇ ತಂದದ್ದು, ಈಗ ಎಲ್ಲ ಬ್ರೌಸರ್‌ನಲ್ಲೂ ತೆರೆಯುತ್ತದೆ, ನಾನೂ ಬಳಸುತ್ತೇನೆ. ಆದರೆ ಅದರಲ್ಲೂ ವಿವರ ಬಿಡುವ, ಬಿಡದ ಎರಡು ಬಗೆ ಇವೆ. ನಮ್ಮ ಹುಡುಗ "ಕ್ವಾಲಿಟಿ" ಅಂತ ಎರಡನೆಯದನ್ನೇ ಒತ್ತುತ್ತಾನೆ, ನೋಡ್ತಾ ಇರಿ.

ಮದುವೆ ಕರೆಯೋಲೆ ಬಂದರೂ ನಾನು ಮೊದಲು ನೋಡುವುದು ಫೈಲ್ ಯಾವುದು ಅಂತ, ಮುಹೂರ್ತ ಆಮೇಲೆ. ಮನೆಯಲ್ಲಿ ಇದಕ್ಕೆ ಬೈಸಿಕೊಂಡಿದ್ದೂ ಇದೆ.

ಹೋಮ್‌ಸ್ಟೇ ಲೋಗೋ ಎಸ್‌ವಿಜಿ ಅನ್ನುವ ಬಗೆಯ ಫೈಲ್‌ನಲ್ಲಿ ಇರಬೇಕಿತ್ತು. ಅದರಲ್ಲಿ ಚುಕ್ಕೆಗಳಿಲ್ಲ, ಗೆರೆಗಳ ಲೆಕ್ಕ ಮಾತ್ರ. ಎಷ್ಟು ಹಿಗ್ಗಿಸಿದರೂ ಒಡೆಯುವುದಿಲ್ಲ. ಮೂಲ ಫೈಲ್ ಎಲ್ಲಿ ಅಂದರೆ "ವಿಸಿಟಿಂಗ್ ಕಾರ್ಡ್‌ದು ಸ್ಕ್ಯಾನ್ ಮಾಡಿದ್ವಿ" ಅಂದರು. ಬೋರ್ಡ್ ಮಾಡಿಕೊಟ್ಟ ಫ್ಲೆಕ್ಸ್ ಅಂಗಡಿಯಲ್ಲಿ ಕೋರಲ್ (ಡಿಸೈನ್ ಸಾಫ್ಟ್‌ವೇರ್) ಫೈಲ್ ಇದ್ದೇ ಇರುತ್ತದೆ, ಪೆನ್‌ಡ್ರೈವ್‌ನಲ್ಲಿ ತನ್ನಿ ಅಂದಿದ್ದೇನೆ. ವಾಟ್ಸಾಪ್ ಮಾಡಿದರೆ ಕೆಲಸ ಮಾಡಲ್ಲ ಅಂತಲೂ ಹೇಳಿದ್ದೇನೆ.