ಸಪ್ತಾಂಬರವೂ ಬಾಂದು ಕಲ್ಲೂ

ನಿನ್ನೆ ಒಂದು ಗೃಹಪ್ರವೇಶದ ಊಟಕ್ಕೆ ಕೂತಿದ್ದೆ. ಎಲೆಗೆ ಇನ್ನೂ ಉಪ್ಪು, ಕೋಸಂಬರಿ ಬಿದ್ದಿತ್ತು ಅಷ್ಟೇ. ಎದುರು ಸಾಲಿನಲ್ಲಿ ದೊಡ್ಡಪ್ಪನ ಮಗ ಫೋನ್ ತೆಗೆದು ಜೋರಾಗಿ ಓದಲು ಶುರು ಮಾಡಿದ. "ಸೆಪ್ಟೆಂಬರ್ ಅಂದ್ರೆ ಸಪ್ತ ಅಂಬರ. ಅಕ್ಟೋಬರ್ ಅಷ್ಟ ಅಂಬರ. ನವೆಂಬರ್ ನವ ಅಂಬರ. ಡಿಸೆಂಬರ್ ದಶ ಅಂಬರ. ಎಲ್ಲಾ ನಮ್ಮಿಂದ ಕದ್ದಿದ್ದು!" ಸಾಲಿಗೆ ಸಾಲೇ ಹೌದೌದು ಅಂದಿತು. ಬಡಿಸುವ ಹುಡುಗ ಪಲ್ಯದ ಬಕೆಟ್ ಹಿಡಿದುಕೊಂಡು ಅಲ್ಲೇ ಕೇಳುತ್ತಾ ನಿಂತುಬಿಟ್ಟ. ನನ್ನ ಎಲೆಗೆ ಪಲ್ಯ ಬರಲೇ ಇಲ್ಲ.

ಬಾಯಿ ಬಿಡಬೇಡಿ ಅಂತ ಹೆಂಡತಿ ಕಣ್ಣಲ್ಲೇ ಹೇಳಿದಳು. ಬಿಡಲಿಲ್ಲ. ಹೋಳಿಗೆ ತಿಂದು ಬಂದೆ. ರಾತ್ರಿಯೆಲ್ಲ ಹೊಟ್ಟೆಯಲ್ಲಿ ಹೋಳಿಗೆಗಿಂತ ಜಾಸ್ತಿ ಈ ಅಂಬರವೇ ತಿರುಗುತ್ತಿತ್ತು. ಅದಕ್ಕೇ ಈ ಬರಹ.

ಸೆಪ್ಟೆಂಬರ್‌ನಲ್ಲಿ ಏಳು ಇರುವುದು ನಿಜ. ಲ್ಯಾಟಿನ್‌ನಲ್ಲಿ ಏಳಕ್ಕೆ ಸೆಪ್ಟೆಮ್. ಹಳೇ ರೋಮನ್ನರ ವರ್ಷ ಮಾರ್ಚ್‌ನಲ್ಲಿ ಶುರುವಾಗುತ್ತಿತ್ತು, ಹಾಗಾಗಿ ಅದು ಏಳನೇ ತಿಂಗಳು. ಸೆಪ್ಟೆಮ್‌ಗೂ ಸಪ್ತಕ್ಕೂ ಸಂಬಂಧ ಇಲ್ಲವಾ? ಖಂಡಿತ ಇದೆ. ಆದರೆ ಅವು ಅಪ್ಪ ಮಗ ಅಲ್ಲ, ದಾಯಾದಿಗಳು. ಒಬ್ಬ ಅಜ್ಜನ ಮನೆಯಿಂದ ಬೇರೆಯಾಗಿ ಹೋದವರು. ಯಾರೂ ಯಾರದ್ದನ್ನೂ ಕದ್ದಿಲ್ಲ. ಇನ್ನು 'ನಮ್ಮಿಂದ' ಅನ್ನುವವರು ಸ್ವಲ್ಪ ಕನ್ನಡದ 'ಏಳು' ಕಡೆಗೂ ನೋಡಿ. ಅದು ಈ ಮನೆತನದ್ದೇ ಅಲ್ಲ, ತಮಿಳು ತೆಲುಗಿನ ಕಡೆಯ ನೆಂಟ.

ನನ್ನ ಸಿಟ್ಟು ಸುಳ್ಳು ಹೇಳಿದ್ದಕ್ಕೆ ಅಲ್ಲ. ನಿಜವೇ ಇಷ್ಟು ರುಚಿಯಾಗಿರುವಾಗ ಹಳಸಿದ್ದನ್ನು ಯಾಕೆ ಬಡಿಸುತ್ತೀರಿ ಅಂತ.

ನಿಮಗೆ ಗೊತ್ತು, ನಾನು 31 ವರ್ಷ ಬ್ಯಾಂಕಿನ ಕ್ಯಾಶ್ ಕೌಂಟರ್ ಹಿಂದೆ ಕೂತವನು. ಮನಿ ಅನ್ನುವ ಪದ ದಿನಕ್ಕೆ ನೂರು ಸಲ ಕಿವಿಗೆ ಬೀಳುತ್ತಿತ್ತು. ಅದು ಒಬ್ಬ ದೇವಿಯ ಹೆಸರು ಅಂತ ಗೊತ್ತಾಗಿದ್ದು ರಿಟೈರ್ ಆದ ಮೇಲೆ, ಕೆಲಸವಿಲ್ಲದೆ ಡಿಕ್ಷನರಿ ತಿರುವುವಾಗ. ರೋಮಿನ ಕ್ಯಾಪಿಟೋಲಿನ್ ಗುಡ್ಡದ ಮೇಲೆ ಜೂನೋ ಮೊನೇಟಾ ಅನ್ನುವವಳ ಗುಡಿ ಇತ್ತು. ಕ್ರಿ.ಪೂ. 344ರದ್ದು. ನಾಣ್ಯ ಅಚ್ಚು ಹಾಕುವ ಟಂಕಸಾಲೆ ಆ ಗುಡಿಗೆ ಅಂಟಿಕೊಂಡೇ ಬೆಳೆಯಿತು. ಕ್ರಮೇಣ ಟಂಕಸಾಲೆಗೂ ಮೊನೇಟಾ, ಅಲ್ಲಿಂದ ಬಂದ ನಾಣ್ಯಕ್ಕೂ ಮೊನೇಟಾ. ಫ್ರೆಂಚರ ಬಾಯಲ್ಲಿ ಸವೆದು ಇಂಗ್ಲಿಷಿಗೆ ಬರುವಾಗ ಮನಿ ಆಯಿತು. ಮಿಂಟ್ ಕೂಡ ಅದೇ ಪದ, ಬೇರೆ ದಾರಿಯಲ್ಲಿ ಬಂದದ್ದು. ಮೊನೇಟಾ ಅಂದರೆ ಎಚ್ಚರಿಸುವವಳು ಅಂತ ರೋಮನ್ನರು ನಂಬಿದ್ದರು. ಭೂಕಂಪವಾದಾಗ ಆ ಗುಡಿಯಿಂದ ದನಿಯೊಂದು ಕೇಳಿ, ಗಬ್ಬದ ಹಂದಿಯನ್ನು ಬಲಿ ಕೊಡಿ ಅಂದಿತಂತೆ. ರೋಮಿನ ವಾಗ್ಮಿ ಸಿಸೆರೋ ಬರೆದಿಟ್ಟಿದ್ದಾನೆ. 31 ವರ್ಷದಲ್ಲಿ ನನ್ನ ಕೌಂಟರಿಗೆ ಬಂದ ಒಂದು ನೋಟೂ ನನ್ನನ್ನು ಎಚ್ಚರಿಸಲಿಲ್ಲ. ಖೋಟಾ ನೋಟು ಕೂಡ.

ಬೆಳಗ್ಗೆ ಮೊಮ್ಮಕ್ಕಳು ಹಾಲಿಗೆ ಸುರಿದುಕೊಳ್ಳುವ ಸೀರಿಯಲ್? ಸಿರೀಸ್ ಅನ್ನುವ ಧಾನ್ಯದ ದೇವಿ. ಏಪ್ರಿಲ್‌ನಲ್ಲಿ ಅವಳ ಹಬ್ಬ. ನರಿಗಳ ಬೆನ್ನಿಗೆ ಉರಿಯುವ ಪಂಜು ಕಟ್ಟಿ ಮೈದಾನಕ್ಕೆ ಬಿಡುತ್ತಿದ್ದರು. ಪಾಪದ ನರಿಗಳು. ಹೈವೇ ಪಂಕ್ಚರ್ ಅಂಗಡಿಯ ಟೈರಿನ ಮೇಲೆ ಸುಣ್ಣದಲ್ಲಿ ಬರೆದಿರುತ್ತಾರಲ್ಲ 'ವಲ್ಕನೈಸಿಂಗ್' ಅಂತ, ಅದು ರೋಮನ್ನರ ಬೆಂಕಿ ದೇವರು ವಲ್ಕನ್. ರಬ್ಬರಿಗೆ ಗಂಧಕ ಸೇರಿಸಿ ಬಿಸಿ ಮಾಡುತ್ತಾರೆ ಅಂತ ಅವನ ಹೆಸರು ಇಟ್ಟರು. ವಾಲ್ಕೆನೋ ಕೂಡ ಅವನದೇ. ಆ ಅಂಗಡಿಯ ಹುಡುಗನಿಗೆ ಒಮ್ಮೆ ಹೇಳಿದೆ. "ಹೌದಾ ಸಾರ್, ಗಾಳಿ ಎಷ್ಟು ಹಾಕ್ಲಿ?" ಅಂದ.

ಹೋಗಲಿ ಬಿಡಿ, ಒಂದು ಫಾರ್ವರ್ಡ್‌ನಿಂದ ಮಕ್ಕಳಿಗೆ ನಮ್ಮ ಬಗ್ಗೆ ಹೆಮ್ಮೆ ಬಂದರೆ ನಿಮಗೇನು ನಷ್ಟ ಅಂತ ಕೆಲವರು ಕೇಳುತ್ತಾರೆ. ಹೆಮ್ಮೆ ಬೇಕಾ? ಇರೋದನ್ನೇ ಹೇಳಿ. ಕ್ರಿ.ಶ. 79ರಲ್ಲಿ ಬೂದಿಯಲ್ಲಿ ಹೂತುಹೋದ ರೋಮನ್ನರ ಪಾಂಪೇ ಊರಿನ ಗೋಡೆಯ ಮೇಲೆ ಯಾರೋ ವಾರದ ದಿನಗಳನ್ನು ಗೀಚಿದ್ದಾರೆ. ಶನಿ, ಸೂರ್ಯ, ಚಂದ್ರ, ಮಂಗಳ, ಬುಧ, ಗುರು, ಶುಕ್ರ. ಅದೇ ಸಾಲು! ನಮ್ಮ ಕಡೆ ಮಧ್ಯಪ್ರದೇಶದ ಏರಣ್‌ನಲ್ಲಿ ಕ್ರಿ.ಶ. 484ರ ಶಾಸನವೊಂದು ಗುರುವಾರದ್ದು. ಇಂಗ್ಲಿಷಿನವರು ಮಾತ್ರ ಮಂಗಳ, ಬುಧ, ಗುರು, ಶುಕ್ರರನ್ನು ಎಬ್ಬಿಸಿ, ಆ ಜಾಗದಲ್ಲಿ ತಮ್ಮ ಹಳೇ ದೇವರುಗಳನ್ನು ಕೂರಿಸಿಕೊಂಡರು. ಥರ್ಸ್‌ಡೇ ಅಂದರೆ ಥೋರನ ದಿನ. ರೋಮಿನ ದೇವರು ಅಲ್ಲಿ ಉಳಿದಿದ್ದು ಶನಿವಾರಕ್ಕೆ ಮಾತ್ರ. ಅಂದರೆ ವಾರದ ಲೆಕ್ಕದಲ್ಲಿ ಇಂಗ್ಲಿಷಿಗಿಂತ ನಮ್ಮ ಪಂಚಾಂಗವೇ ರೋಮಿಗೆ ಹತ್ತಿರ. ಇದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಇದರಲ್ಲಿ ಕಳ್ಳ ಯಾರೂ ಇಲ್ಲವಲ್ಲ!

ಈಗ ಒಂದು ತಪ್ಪೊಪ್ಪಿಗೆ. ಆ ಸಪ್ತಾಂಬರದ ಫಾರ್ವರ್ಡನ್ನು ಕೆಲವು ವರ್ಷಗಳ ಹಿಂದೆ ನಮ್ಮ ಕುಟುಂಬದ ಗ್ರೂಪಿಗೆ ಮೊದಲು ಹಾಕಿದ್ದು ನಾನೇ. ಕೆಳಗೆ ಎರಡು ಕೈ ಮುಗಿದ ಚಿತ್ರ ಬೇರೆ.

ಇನ್ನೊಂದೂ ಹೇಳಿಬಿಡುತ್ತೇನೆ. ಓದಿದವನು ದೊಡ್ಡಪ್ಪನ ಮಗ ಆಗಿರದಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ. ಊರಿನ ಗದ್ದೆಯ ಬಾಂದು ಕಲ್ಲು ನಮ್ಮ ಕಡೆಗೆ ಒಂದೂವರೆ ಅಡಿ ಸರಿದಿದೆ ಅಂತ ನಾನು, ಸರಿದೇ ಇಲ್ಲ ಅಂತ ಅವನು. ಎರಡು ವರ್ಷದಿಂದ ಮಾತಿಲ್ಲ.

ರೋಮನ್ನರಿಗೆ ಬಾಂದು ಕಲ್ಲೇ ದೇವರು. ಹೆಸರು ಟರ್ಮಿನಸ್. ನಾವು ಬಸ್ ಹತ್ತುವ ಟರ್ಮಿನಲ್ ಬಂದದ್ದು ಅವನಿಂದ. ಅದೇ ಕ್ಯಾಪಿಟೋಲಿನ್ ಗುಡ್ಡದ ಮೇಲೆ ದೇವರ ರಾಜ ಜುಪಿಟರ್‌ಗೆ ದೊಡ್ಡ ಗುಡಿ ಕಟ್ಟುವಾಗ ಉಳಿದ ದೇವರೆಲ್ಲ ಜಾಗ ಬಿಟ್ಟು ಎದ್ದರಂತೆ. ಇವನು ಏಳಲಿಲ್ಲ. ಕೊನೆಗೆ ಅವನನ್ನು ಒಳಗೇ ಬಿಟ್ಟು ಗುಡಿ ಕಟ್ಟಿದರು. ಅವನಿಗೆ ಆಕಾಶ ಕಾಣಲಿ ಅಂತ ಸೂರಿನಲ್ಲಿ ತೂತು ಬಿಟ್ಟರು. ಫೆಬ್ರವರಿ 23ಕ್ಕೆ ಅವನ ಹಬ್ಬ. ಗಡಿಯ ಆಚೆಯವನು ಆಚೆಯಿಂದ, ಈಚೆಯವನು ಈಚೆಯಿಂದ ಕಲ್ಲಿಗೆ ಹಾರ ಹಾಕಬೇಕು. ಮನೆಯೊಡತಿ ಒಲೆಯ ಕೆಂಡವನ್ನು ಒಡೆದ ಮಡಕೆಯ ಚೂರಿನಲ್ಲಿ ತರಬೇಕು. ಮಗ ಬುಟ್ಟಿ ಹಿಡಿದಿರುತ್ತಾನೆ, ಅದರಿಂದ ಮೂರು ಸಲ ಧಾನ್ಯ ತೆಗೆದು ಬೆಂಕಿಗೆ ಹಾಕಬೇಕು. ಪುಟ್ಟ ಮಗಳು ಜೇನುಹಟ್ಟಿಯ ತುಂಡು ಕೊಡಬೇಕು. ಬಿಳಿ ಬಟ್ಟೆ ಉಟ್ಟ ಜನ ಮಾತಿಲ್ಲದೆ ನಿಂತು ನೋಡಬೇಕು. ಆಮೇಲೆ ಎರಡೂ ಮನೆಯವರು ಒಟ್ಟಿಗೆ ಕೂತು ಉಣ್ಣಬೇಕು.

ಮಾತಿಲ್ಲದೆ ನಿಲ್ಲುವುದು ನಮಗಿಬ್ಬರಿಗೂ ಅಭ್ಯಾಸವಾಗಿದೆ. ಒಟ್ಟಿಗೆ ಉಂಡದ್ದೂ ಆಯಿತು, ನಿನ್ನೆಯೇ, ಎದುರು ಬದುರು ಸಾಲಿನಲ್ಲಿ. ಸರ್ವೆಯವರು ಮುಂದಿನ ತಿಂಗಳು ಚೈನ್ ಹಿಡಿದುಕೊಂಡು ಬರುತ್ತಾರಂತೆ. ನಾನು ಕಲ್ಲಿಗೆ ಹಾರ ತಂದರೆ ಅವನು ಮಾಟ ಮಾಡಿಸಿದ್ದೇನೆ ಅಂತಲೇ ತಿಳಿಯುತ್ತಾನೆ.