ಟ್ರಸ್ಟ್ ಪತ್ರಕ್ಕೆ ಸಹಿ ಹಾಕಿದರಷ್ಟೇ ಸಾಲದು: ಒಂದು ಸ್ಪಷ್ಟನೆ

“ಕುಟುಂಬಕ್ಕೆ ಒಂದು ಟ್ರಸ್ಟ್ ಪತ್ರ ಮಾಡಿಸಿ ಸಹಿ ಹಾಕಿ, ಆಸ್ತಿಯೆಲ್ಲ ಭದ್ರ. ವಿಲ್ ಬೇಡ, ಸಾಲ ಕೊಟ್ಟವರೂ ಮುಟ್ಟುವಂತಿಲ್ಲ.” ಹೀಗೊಂದು ಸಂದೇಶ ಓಡಾಡುತ್ತಿದೆ. ಇದು ತಪ್ಪು. ಇದನ್ನು ನಂಬಿದವರಿಗೆ ತಪ್ಪು ಗೊತ್ತಾಗುವುದು ಪತ್ರ ಬರೆದವರು ತೀರಿಕೊಂಡ ಮೇಲೆ. ಆಗ ತಿದ್ದಲು ಅವರೇ ಇರುವುದಿಲ್ಲ, ಅಲ್ವಾ?

ಆಸ್ತಿಯನ್ನು ಯಾರು ನೋಡಿಕೊಳ್ಳಬೇಕು, ಯಾರಿಗೆ ಯಾವಾಗ ಕೊಡಬೇಕು ಎಂದು ಟ್ರಸ್ಟ್ ಪತ್ರ ಹೇಳುತ್ತದೆ. ಆಸ್ತಿಯನ್ನು ಟ್ರಸ್ಟ್‌ಗೆ ಸೇರಿಸುವುದು ಬೇರೆಯೇ ಕೆಲಸ. ಮನೆಯ ದಾಖಲೆ ಟ್ರಸ್ಟಿಯ, ಅಂದರೆ ಟ್ರಸ್ಟ್‌ನ ಆಸ್ತಿ ನೋಡಿಕೊಳ್ಳುವವರ, ಹೆಸರಿಗೆ ಬದಲಾಗಬೇಕು. ಬ್ಯಾಂಕ್ ಖಾತೆ, ಷೇರುಗಳದ್ದೂ ಅದೇ ಕತೆ. ಜಾಸ್ತಿ ಜನ ಎಡವುವುದು ಇಲ್ಲೇ. ಪತ್ರ ಬೀರುವಿನಲ್ಲಿ ಭದ್ರವಾಗಿರುತ್ತದೆ, ಮನೆ ಮಾತ್ರ ಹಳೆಯ ಹೆಸರಿನಲ್ಲೇ ಉಳಿದಿರುತ್ತದೆ. ಅಂಥ ಮನೆಗೆ ಟ್ರಸ್ಟ್‌ನ ನಿಯಮ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ.

ಅದಕ್ಕೇ ವಿಲ್ ಕೂಡ ಬೇಕು. ಟ್ರಸ್ಟ್‌ಗೆ ಸೇರದೆ ಉಳಿದದ್ದು ಯಾರಿಗೆ ಎಂದು ಹೇಳುವುದು ಅದೇ. ತಂದೆತಾಯಿ ಇಲ್ಲದಾದರೆ ಚಿಕ್ಕ ಮಕ್ಕಳನ್ನು ಯಾರು ನೋಡಿಕೊಳ್ಳಬೇಕು ಎಂದು ಸೂಚಿಸುವುದಕ್ಕೂ ಎಷ್ಟೋ ಕಡೆ ವಿಲ್ಲೇ ದಾರಿ.

ಇನ್ನು ಸಾಲದ ಮಾತು. ನೀವು ಬೇಕೆಂದಾಗ ರದ್ದು ಮಾಡಬಹುದಾದ ಟ್ರಸ್ಟ್‌ನಲ್ಲಿರುವ ಆಸ್ತಿಯನ್ನು ಸಾಮಾನ್ಯವಾಗಿ ನಿಮ್ಮದೆಂದೇ ನೋಡಲಾಗುತ್ತದೆ, ಹಾಗಾಗಿ ಸಾಲ ಕೊಟ್ಟವರು ಅದನ್ನು ಮುಟ್ಟಬಹುದು. ರದ್ದು ಮಾಡಲಾಗದ ಟ್ರಸ್ಟ್ ಹಾಗಲ್ಲ, ಆದರೆ ಅಲ್ಲಿ ನಿಮ್ಮ ಹಿಡಿತವೂ ಹೋಗುತ್ತದೆ. ಸಾಲ ತಪ್ಪಿಸಲೆಂದೇ ವರ್ಗಾಯಿಸಿದ್ದರೆ ಕೋರ್ಟ್ ಅದನ್ನು ರದ್ದು ಮಾಡಬಹುದು.

ಈಗಾಗಲೇ ಟ್ರಸ್ಟ್ ಮಾಡಿಸಿದ್ದೀರಾ? ದಯವಿಟ್ಟು ಒಂದೊಂದೇ ದಾಖಲೆ ತೆಗೆದು, ಅದು ಯಾರ ಹೆಸರಿನಲ್ಲಿದೆ ನೋಡಿ. ಹಳೆಯ ಹೆಸರೇ ಇದ್ದರೆ ನಿಮ್ಮ ವಕೀಲರನ್ನು ಕೇಳಿ ಬದಲಾಯಿಸಿಕೊಳ್ಳಿ.